‘1958ರ ಅಸಲಿ ಎಡ್ಸೆಲ್ ಪ್ರೋಮೋ’ ಕೊಳ್ಳಲು ಹೊರಟವರಿಗೆ ಒಂದು ಎಚ್ಚರಿಕೆ

ಐವತ್ತರ ದಶಕದ ಅಮೆರಿಕನ್ ಕಾರುಗಳ ಪುಟ್ಟ ಮಾದರಿಗಳನ್ನು ಸಂಗ್ರಹಿಸುವವರಲ್ಲಿ ಪ್ರೋಮೋಗಳ ಬೆನ್ನು ಹತ್ತಿದವರು ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕು. ಹೊಸ ಮಾಡೆಲ್‌ನ ಕಾರು ಮಾರುಕಟ್ಟೆಗೆ ಬಂದಾಗ ಅದರ ಪ್ರಚಾರಕ್ಕೆಂದು ಡೀಲರ್‌ಗಳು ಹಂಚುತ್ತಿದ್ದ 1:25 ಅಳತೆಯ ಪ್ಲಾಸ್ಟಿಕ್ ಮಾದರಿಯನ್ನೇ ಪ್ರೋಮೋ ಎನ್ನುವುದು. ಎಎಂಟಿ, ಜೋ-ಹಾನ್, ಪಿಎಂಸಿಯಂಥ ಕಂಪನಿಗಳು ಇವನ್ನು ತಯಾರಿಸುತ್ತಿದ್ದವು. ಕಾರು ಕಾರ್ಖಾನೆಯ ಬಣ್ಣಗಳಿಗೇ ಹೊಂದುವಂತೆ ಮಾಡಿಕೊಡುತ್ತಿದ್ದುದರಿಂದ ಇವುಗಳ ಬೇಡಿಕೆ ಇನ್ನೂ ತಗ್ಗಿಲ್ಲ.

ನನಗೆ ಬೇಕಾಗಿದ್ದದ್ದು ಎಡ್ಸೆಲ್. 1957ರ ಸೆಪ್ಟೆಂಬರ್‌ನಲ್ಲಿ ಅಬ್ಬರದಿಂದ ಬಂದು 1959ರ ನವೆಂಬರ್‌ನಲ್ಲಿ ಬಾಗಿಲು ಹಾಕಿಕೊಂಡ, ಫೋರ್ಡ್ ಕಂಪನಿಗೆ ಭಾರಿ ನಷ್ಟ ತಂದ ಆ ಕಾರಿನ ಮೂತಿಯ ನಡುವೆ ನಿಂತ ಉದ್ದನೆಯ ಗ್ರಿಲ್ ಮೇಲೆ ನನಗೆ ಮೊದಲಿನಿಂದಲೂ ಮೋಹ. (ಗೆದ್ದ ಕಾರುಗಳ ಮಾದರಿ ಎಲ್ಲರ ಕಪಾಟಿನಲ್ಲೂ ಇರುತ್ತದೆ, ಬಿಡಿ.) ಆನ್‌ಲೈನ್ ಮಾರಾಟಗಾರನೊಬ್ಬ ಡಬ್ಬಿ ಸಮೇತ, ತಿಳಿ ಹಸಿರು ಮತ್ತು ಬಿಳಿ ಬಣ್ಣದ 1958ರ ಎಡ್ಸೆಲ್ ಪ್ರೋಮೋ ಇದೆಯೆಂದೂ, ಎಲ್ಲಿಯೂ ಬಾಗಿಲ್ಲವೆಂದೂ, ಒಬ್ಬರೇ ಮಾಲೀಕರ ಬಳಿ ಇದ್ದದ್ದೆಂದೂ ಬರೆದಿದ್ದ. ತಳಭಾಗದ ಚಿತ್ರ ಕೇಳಿದಾಗ ‘ಇಂದು ಸಂಜೆ ಕಳಿಸುತ್ತೇನೆ’ ಎಂದವನು ಕಳಿಸಿದ್ದು ಮತ್ತೆ ಮುಂಭಾಗದ್ದೇ ಎರಡು ಚಿತ್ರ. ವಿವರಣೆಗೆ ತಕ್ಕಂತಿಲ್ಲದಿದ್ದರೆ ವಾಪಸು ಪಡೆಯುತ್ತೇನೆಂದು ಲಿಖಿತವಾಗಿ ಒಪ್ಪಿದ ಮೇಲೆಯೇ ನಾನು ಹಣ ಕಟ್ಟಿದ್ದು.

ಬಂದ ಕಾರು ಗೆರೆ ಎಳೆದಷ್ಟು ನೇರವಾಗಿತ್ತು. ಅನುಮಾನ ಶುರುವಾದದ್ದೇ ಅಲ್ಲಿ. ಐವತ್ತರ ದಶಕದ ಪ್ರೋಮೋಗಳನ್ನು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯುತ್ತಿದ್ದರು. ಕೆಟ್ಟಾಗ ವಿನಿಗರ್ ವಾಸನೆ ಬೀರುವ ಹಳೆಯ ಸಿನಿಮಾ ರೀಲುಗಳ ವಸ್ತುವೂ ಇದೇ. ಅದನ್ನು ಮೃದುವಾಗಿಡಲು ಸೇರಿಸಿದ ಅಂಶ ವರ್ಷಗಳು ಕಳೆದಂತೆ ಹೊರಹೋಗುತ್ತದೆ. ಬಾಡಿ ಕುಗ್ಗುತ್ತದೆ, ಚಾವಣಿ ತಗ್ಗುತ್ತದೆ, ಬಾನೆಟ್ಟು ಮತ್ತು ಡಿಕ್ಕಿಯ ಭಾಗಗಳು ಬಾಗುತ್ತವೆ. ಬಿಸಿ ನೀರಿನಲ್ಲಿ ಅದ್ದಿ ಸರಿಪಡಿಸಬಹುದೆಂದು ಹೇಳುವವರಿದ್ದಾರೆ. ಆ ಮಾತು ಕೇಳಿ ಯಾರೂ ಕೈ ಸುಟ್ಟುಕೊಳ್ಳಬಾರದು. ಅರವತ್ತರ ದಶಕದ ಆರಂಭದ ಹೊತ್ತಿಗೆ ತಯಾರಕರು ಸ್ಟೈರಿನ್ ಪ್ಲಾಸ್ಟಿಕ್ಕಿಗೆ ಬದಲಾದ ಮೇಲೆ ಈ ಕಾಟ ನಿಂತಿತು. ಚೆನ್ನಾಗಿ ಉಳಿದ ಅಸಿಟೇಟ್ ಕಾರುಗಳು ಇಲ್ಲವೆಂದಲ್ಲ, ಆದರೆ ಒಂದಿಷ್ಟೂ ಸೊಟ್ಟಗಾಗದ 1958ರ ಪ್ರೋಮೋ ಕಂಡರೆ ಸಂತೋಷಪಡುವ ಮೊದಲು ತಿರುವಿ ಹಾಕಿ ನೋಡಬೇಕು.

ತಿರುವಿ ಹಾಕಿದೆ. ತಳದ ಸ್ಕ್ರೂಗಳ ತಲೆಯಲ್ಲಿ ಹೊಸದಾಗಿ ತಿರುಗಿಸಿದ ಹೊಳೆಯುವ ಗೀರುಗಳಿದ್ದವು. ಸ್ಕ್ರೂ ಬಿಚ್ಚಿ ಚಾವಣಿಯ ಒಳಮೈಗೆ ಟಾರ್ಚ್ ಹಿಡಿದರೆ, ಹಸಿರು ಬಣ್ಣ ಕಿಟಕಿಯ ಅಂಚಿನಿಂದ ಒಳಕ್ಕೆ ಧೂಳಿನಂತೆ ಸಿಡಿದು ಅರ್ಧಕ್ಕೇ ನಿಂತಿತ್ತು. ಅದರಾಚೆಗೆ ಬರೀ ಬಿಳಿ ಪ್ಲಾಸ್ಟಿಕ್. ಹಿಂದಿನ ಬಂಪರ್ ಕೂರುವ ಜಾಗದಲ್ಲಿ ಹಳದಿಗಟ್ಟಿದ ಅಂಟು, ಅದರ ಮೇಲೆ ಬೆರಳಚ್ಚು. ಇದು ಕಾರ್ಖಾನೆಯಲ್ಲೇ ಜೋಡಿಸಿ ಬರುತ್ತಿದ್ದ ಪ್ರೋಮೋ ಅಲ್ಲ, ಬಿಡಿಭಾಗಗಳನ್ನು ಕೊಂಡು ಯಾರೋ ಮನೆಯಲ್ಲಿ ಕೂತು ಜೋಡಿಸಿದ ಕಿಟ್. ಎಎಂಟಿ 1958ರಲ್ಲಿ ‘ತ್ರೀ ಇನ್ ಒನ್’ ಕಿಟ್‌ಗಳನ್ನು (ಒಂದೇ ಕಾರನ್ನು ಮೂರು ಬಗೆಯಲ್ಲಿ ಜೋಡಿಸಬಹುದಾದವು) ಹೊರತಂದಾಗ ಪ್ರೋಮೋಗಳ ಅಚ್ಚುಗಳನ್ನೇ ಬಳಸಿಕೊಂಡಿತ್ತು. ಹೀಗಾಗಿ ಹೊರಗಿನ ಗೆರೆ, ಉಬ್ಬು, ಅಳತೆಗಳಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ವಂಚಕರಿಗೆ ಅದೇ ಅನುಕೂಲ. ಡಬ್ಬಿಯೂ ಈಚೆಗೆ ಮುದ್ರಿಸಿದ್ದು: ಮಡಿಕೆಗಳಲ್ಲಿ ಕಾಣುವ ರಟ್ಟು ಅಚ್ಚ ಬಿಳಿ, ಹೊರಮೈ ಮಾತ್ರ ಕಂದು.

ಚೆನ್ನಾಗಿ ಜೋಡಿಸಿದ ಹಳೆಯ ಕಿಟ್ ಕೀಳೆಂದು ನಾನು ಹೇಳುತ್ತಿಲ್ಲ. ಕಿಟ್ ಎಂದೇ ಹೇಳಿ ಕಿಟ್‌ನ ಬೆಲೆಗೆ ಮಾರಿದ್ದರೆ ನಾನೇ ಕೊಳ್ಳುತ್ತಿದ್ದೆನೇನೋ. ಮುನ್ನೂರು ಡಾಲರ್ ಪಡೆದು ಸುಳ್ಳು ಹೆಸರಿಟ್ಟು ಕೊಟ್ಟದ್ದಕ್ಕೆ ನನ್ನ ತಕರಾರು. ಚಿತ್ರಗಳನ್ನು ಕಳಿಸಿದಾಗ ಆತ ಮೊದಲು ‘ನನಗೂ ಹೀಗೆಯೇ ಬಂದದ್ದು’ ಎಂದ, ಆಮೇಲೆ ಸ್ಕ್ರೂ ಬಿಚ್ಚಿದ್ದರಿಂದ ವಾಪಸು ತೆಗೆದುಕೊಳ್ಳಲಾಗದು ಎಂದ, ಕೊನೆಗೆ ಉತ್ತರಿಸುವುದನ್ನೇ ಬಿಟ್ಟ. ಅವನು ಒಪ್ಪಿ ಬರೆದ ಸಂದೇಶವನ್ನು ಮುಂದಿಟ್ಟು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಸಲ್ಲಿಸಿದ ಮೇಲೆ, ಕಾರನ್ನು ನನ್ನ ಖರ್ಚಿನಲ್ಲಿ ಹಿಂದಿರುಗಿಸಿ ಅಸಲು ಹಣವನ್ನಷ್ಟೇ ಪಡೆದೆ. ಮಾತುಕತೆ ಫೋನಿನಲ್ಲಿ ನಡೆದಿದ್ದರೆ ಅದೂ ಸಿಗುತ್ತಿರಲಿಲ್ಲ.

ಆದ್ದರಿಂದ ಬಿಚ್ಚಿದ ಬಾಡಿಯ ಒಳಮೈ, ಬಂಪರ್ ಕೂರುವ ಜಾಗ ಮತ್ತು ಪಕ್ಕದಿಂದ ಕಣ್ಣಿನ ಮಟ್ಟದಲ್ಲಿ ತೆಗೆದ ಪೂರ್ತಿ ಕಾರು, ಇವುಗಳ ಚಿತ್ರ ಬಾರದೆ ಹಣ ಕಟ್ಟಬೇಡಿ. ಬಿಚ್ಚಲು ಒಪ್ಪದ ಮಾರಾಟಗಾರ ಪ್ರಾಮಾಣಿಕನೇ ಇರಬಹುದು. ಹಾಗಿದ್ದಲ್ಲಿ ಕಿಟ್‌ನ ಬೆಲೆಯನ್ನಷ್ಟೇ ಕೊಡಿ.

ನಾನು ಹಿಂದಿರುಗಿಸಿದ ಕಾರು ಈಗ ಮತ್ತೊಂದು ಹೆಸರಿನ ಖಾತೆಯಲ್ಲಿ, ‘ಅಸಲಿ ಪ್ರೋಮೋ’ ಎಂಬ ಅದೇ ವಿವರಣೆಯೊಂದಿಗೆ ಮಾರಾಟಕ್ಕಿದೆ. ಎಡಗಡೆಯ ಹಿಂದಿನ ಫೆಂಡರ್‌ನಲ್ಲಿ, ಬಿಳಿ ಬಣ್ಣ ಹಸಿರಿಗೆ ತಾಗುವಲ್ಲಿ, ಅಕ್ಕಿಕಾಳಿನಷ್ಟು ಬಣ್ಣ ಎದ್ದಿದೆ; ಡಬ್ಬಿಯ ಒಂದು ಮೂಲೆಯನ್ನು ಒಳಗಿನಿಂದ ಟೇಪ್ ಹಚ್ಚಿ ಸೇರಿಸಲಾಗಿದೆ.