ಮೈಸೂರಲ್ಲಿ ಹೊಸ ಕಾರು: ಕರೆಂಟಾ, ಸಿಎನ್‌ಜಿಯಾ?

ದಿನಾ ಕುವೆಂಪುನಗರದಿಂದ ಹೆಬ್ಬಾಳದ ಫ್ಯಾಕ್ಟರಿಗೆ ಹೋಗಿ ಬರುವವರಿಗೆ ನಾನು ಎಲೆಕ್ಟ್ರಿಕ್ ಕಾರನ್ನೇ ಹೇಳುತ್ತೇನೆ. ಅದಕ್ಕೆ ಸೈಲೆನ್ಸರೇ ಇಲ್ಲ. ಸಿಗ್ನಲ್‌ನಲ್ಲಿ ಹಿಂದೆ ನಿಂತ ಸ್ಕೂಟರಿನ ಮಗು ನಮ್ಮ ಹೊಗೆ ಕುಡಿಯಬೇಕಾಗಿಲ್ಲ. ನನಗೆ ಇದೇ ದೊಡ್ಡ ವಿಷಯ. ಬ್ರೇಕ್ ಹಾಕಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಹಾಗಂತ ಪೂರ್ತಿ ಶುದ್ಧ ಅಲ್ಲ. ಬ್ಯಾಟರಿ ತಯಾರಿಸುವಾಗಲೇ ಇಂಗಾಲ ಜಾಸ್ತಿ ಹೊರಬೀಳುತ್ತದೆ. ನಮ್ಮ ಕರೆಂಟಿನಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ಪಾಲೂ ಇದೆ. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟ್ ತೆಗೆದ ಸೀಮೆ ನಮ್ಮದು, ಅಲ್ವಾ? ತಾರಸಿ ಮೇಲೆ ಸೋಲಾರ್ ಹಾಕಿಸಿ ಹಗಲು ಚಾರ್ಜ್ ಮಾಡಿದರೆ ಆ ಕಲ್ಲಿದ್ದಲಿನ ಪಾಲು ತುಂಬಾ ಇಳಿಯುತ್ತದೆ.

ಸಿಎನ್‌ಜಿ ಕಾರಿನ ಬೆಲೆ ಕಡಿಮೆ. ಪೆಟ್ರೋಲಿಗಿಂತ ಇಂಗಾಲ ಕಡಿಮೆ, ಆದರೆ ಹೊಗೆ ಇದ್ದೇ ಇದೆ. ಡಿಕ್ಕಿಯ ಜಾಗವನ್ನು ಸಿಲಿಂಡರ್ ತಿನ್ನುತ್ತದೆ.

ಬಾಡಿಗೆ ಮನೆಯಲ್ಲಿದ್ದು ಚಾರ್ಜಿಂಗ್‌ಗೆ ಜಾಗವಿಲ್ಲದವರು, ಮಂಡ್ಯದಿಂದ ದಿನಾ ಬೆಂಗಳೂರಿಗೆ ಓಡಾಡುವವರು ಸಿಎನ್‌ಜಿ ತಗೊಳ್ಳಲಿ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಹೋದರೆ ಬ್ಯಾಟರಿ ಬೇಗ ಇಳಿಯುತ್ತದೆ. ಸಿಎನ್‌ಜಿಯಲ್ಲಿ ಗ್ಯಾಸ್ ಮುಗಿದರೂ ಪೆಟ್ರೋಲ್ ಇರುತ್ತದೆ.

ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇದೆಯಾ? ಹಾಗಿದ್ದರೆ ಮೊದಲು ಎಲೆಕ್ಟ್ರಿಕ್ ಓಡಿಸಿ ನೋಡಿ.