ಹಳೇ ಕಂಪ್ಯೂಟರ್‌ಗೆ 8 ಜಿಬಿ ರ‍್ಯಾಮ್: ಮೂರು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಎಳ್ಳಮಾವಾಸ್ಯೆ ಜಾತ್ರೆ ಹತ್ತಿರ ಬಂದರೆ ಒಂದಷ್ಟು ಫ್ಲೆಕ್ಸ್. ಎಲ್ಲಾ ನಡೆಯುವುದು 2012ರಲ್ಲಿ ಜೋಡಿಸಿಕೊಂಡ ಒಂದೇ ಡೆಸ್ಕ್‌ಟಾಪ್‌ನಲ್ಲಿ. ಇಂಟೆಲ್ ಕೋರ್ ಐ3-2120 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 2 ಜಿಬಿಯ ಎರಡು ರ‍್ಯಾಮ್ ಸ್ಟಿಕ್ (ತೆರೆದಿಟ್ಟ ಕೆಲಸವನ್ನು ಕಂಪ್ಯೂಟರ್ ಸದ್ಯಕ್ಕೆ ಹಿಡಿದಿಟ್ಟುಕೊಳ್ಳುವ ಮೆಮೊರಿ).

2023ರ ಬೇಸಿಗೆ ಹೊತ್ತಿಗೆ ಅದರ ಮುಂದೆ ಕೂರುವುದೇ ಕಷ್ಟವಾಗಿತ್ತು. ಫೋಟೋಶಾಪ್‌ನಲ್ಲಿ ಕಾರ್ಡು ತೆರೆದಿಟ್ಟು, ಇನ್ನೊಂದು ಕಡೆ ಗಿರಾಕಿ ಕಳಿಸಿದ ಫೋಟೋ ನೋಡಲು ಬ್ರೌಸರ್ ತೆರೆದರೆ ಮೌಸ್ ನಿಂತುಬಿಡುತ್ತಿತ್ತು. ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಉರಿಯುವ, ಕ್ಯಾಬಿನೆಟ್ ಮುಂದಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಆ ದೀಪವೇ ಗುರುತು. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕ್‌ಗೆ ಬರೆದು, ಬೇಕಾದಾಗ ಮತ್ತೆ ಓದುತ್ತದೆ. ಡಿಸ್ಕ್‌ಗೆ ರ‍್ಯಾಮಿನ ವೇಗ ಎಲ್ಲಿಂದ ಬರಬೇಕು? ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೆಮೊರಿ ಬಳಕೆ ಯಾವಾಗಲೂ ಶೇಕಡಾ 90ರ ಮೇಲೇ ಇದ್ದರೆ ಮಾತ್ರ ರ‍್ಯಾಮ್‌ಗೆ ದುಡ್ಡು ಹಾಕಿ.

ನಾನು ಮೊದಲು ಎಡವಿದ್ದು ಆನ್‌ಲೈನ್‌ನಲ್ಲಿ. 8 ಜಿಬಿಯ ಒಂದು ಸ್ಟಿಕ್ ಅರ್ಧ ಬೆಲೆಗೆ ಸಿಗುತ್ತದೆ ಅಂತ ತರಿಸಿದೆ. ನನ್ನ ಬೋರ್ಡ್‌ಗೆ ಬೇಕಾದ ಡಿಡಿಆರ್3 ಜಾತಿಯದು ಅಂತಲೇ ಇತ್ತು, ಸ್ಲಾಟಿಗೆ ಸರಿಯಾಗಿ ಕೂತಿತು. ಆನ್ ಮಾಡಿದರೆ ಬೀಪ್ ಸದ್ದು, ಪರದೆ ಕಪ್ಪು. ಸ್ಟಿಕ್ ಕೆಟ್ಟಿರಲಿಲ್ಲ. ಎಎಮ್‌ಡಿ ಕಂಪನಿಯ ಪ್ರೊಸೆಸರ್ ಕೂರುವ ಬೋರ್ಡ್‌ಗಳಿಗೆ ಮಾತ್ರ ಅಂತ ಮಾರುವ ಡಿಡಿಆರ್3 ಸ್ಟಿಕ್‌ಗಳಿವೆ, ನನ್ನದರಂಥ ಇಂಟೆಲ್ ಬೋರ್ಡ್‌ಗೆ ಅವು ಆಗುವುದಿಲ್ಲ. ಆ ಸಾಲು ಜಾಹೀರಾತಿನ ಕೆಳಗೆಲ್ಲೋ ಸಣ್ಣಕ್ಷರದಲ್ಲಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಇಷ್ಟು ಮುಖ್ಯ ವಿಷಯವನ್ನು ಅಷ್ಟು ಸಣ್ಣದಾಗಿ ಬರೆಯುವುದು ತಪ್ಪು ಅಂತ ನನಗೆ ಈಗಲೂ ಸಿಟ್ಟಿದೆ.

ಆಮೇಲೆ ಬಸ್ ಹತ್ತಿ ಶಿವಮೊಗ್ಗಕ್ಕೇ ಹೋದೆ. ಹಳೇ ಸ್ಟಿಕ್ ಒಂದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿದ್ದು ಒಳ್ಳೆಯದಾಯಿತು. ಅಂಗಡಿ ಹುಡುಗ ಅದರ ಚೀಟಿ ಓದಿ, "ಅಕ್ಕಾ, ಒಂದೇ ದೊಡ್ಡದು ಬೇಡ. ಒಂದೇ ಥರದ್ದು ಎರಡು ಹಾಕಿ, ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತೆ" ಅಂದ. ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವುದರಿಂದ ವೇಗ ಹೆಚ್ಚು. ನನ್ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪರದೆಯ ಕೆಲಸಕ್ಕೂ ಅದೇ ರ‍್ಯಾಮ್ ಬಳಕೆಯಾಗುವುದರಿಂದ ಅವನ ಮಾತು ಸರಿ. ಕಿಂಗ್‌ಸ್ಟನ್‌ನ 4 ಜಿಬಿಯ ಎರಡು ತಂದೆ. ಸ್ಟಿಕ್ ಮೇಲೆ ವೇಗ 1600 ಅಂತಿದ್ದರೂ ನನ್ನ ಪ್ರೊಸೆಸರ್‌ನಲ್ಲಿ ಅದು 1333ರಲ್ಲೇ ಓಡುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಹಾಕಿದ ಮೇಲೂ ವಿಂಡೋಸ್ 4 ಜಿಬಿಗಿಂತ ಕಡಿಮೆಯನ್ನೇ ಬಳಸುತ್ತಿತ್ತು. ನನ್ನಲ್ಲಿದ್ದದ್ದು 32 ಬಿಟ್‌ನ ವಿಂಡೋಸ್ 7. ಎಷ್ಟು ರ‍್ಯಾಮ್ ಹಾಕಿದರೂ ಅದು 4 ಜಿಬಿ ದಾಟುವುದಿಲ್ಲ. ಫೈಲುಗಳನ್ನೆಲ್ಲ ಬೇರೆ ಡಿಸ್ಕ್‌ಗೆ ತೆಗೆದಿಟ್ಟು ಆ ಮಿತಿ ಇಲ್ಲದ 64 ಬಿಟ್ ವಿಂಡೋಸ್ 10 ಹಾಕಿಸಿದೆ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಮತ್ತೆ ಹಾಕಿಕೊಂಡೆ. ಎರಡು ದಿನ ಅಂಗಡಿ ಕೆಲಸ ನಿಂತಿತು. ಲಗ್ನದ ಸೀಸನ್‌ನಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಅಲ್ಲಿಂದ ಇಲ್ಲಿಗೆ, ನನಗೆ ತುಂಬಾ ಸಮಾಧಾನ ಕೊಟ್ಟ ಖರ್ಚು ಇದು. ಫ್ಲೆಕ್ಸ್ ಫೈಲ್, ನಾಲ್ಕೈದು ಕಾರ್ಡು, ಬ್ರೌಸರ್ ಎಲ್ಲಾ ಒಟ್ಟಿಗೆ ತೆರೆದಿರುತ್ತವೆ. ಗಿರಾಕಿ ಪಕ್ಕದಲ್ಲೇ ಕೂತು "ಮದುಮಗಳ ಹೆಸರು ಸ್ವಲ್ಪ ದೊಡ್ಡದು ಮಾಡಿ" ಅಂದರೆ ಅವರ ಕಣ್ಣೆದುರೇ ಮಾಡಿ ತೋರಿಸುತ್ತೇನೆ. ಮೊದಲು "ಪೇಟೆ ಕೆಲಸ ಮುಗಿಸಿ ಬನ್ನಿ" ಅನ್ನುತ್ತಿದ್ದೆ. ಆನ್ ಆಗುವುದು ಮಾತ್ರ ಹಾಗೇ ನಿಧಾನ. ಅದಕ್ಕೆ ಹಾರ್ಡ್ ಡಿಸ್ಕ್ ಬದಲು ಹಾಕುವ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಬೇಕು, ರ‍್ಯಾಮ್ ಏನೂ ಮಾಡುವುದಿಲ್ಲ.

ನಮ್ಮ ಕಡೆಯವರಿಗೆ ಮಳೆಗಾಲದ ಮಾತು ಹೇಳಲೇಬೇಕು. 2024ರ ಆಷಾಢದಲ್ಲಿ ನಾಲ್ಕು ದಿನ ಅಂಗಡಿ ತೆರೆದಿರಲಿಲ್ಲ. ಐದನೇ ದಿನ ಆನ್ ಮಾಡಿದರೆ ಮತ್ತದೇ ಬೀಪ್. ರ‍್ಯಾಮ್ ಹೋಯಿತು ಅಂತಲೇ ಅಂದುಕೊಂಡೆ. ಪ್ಲಗ್ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ ಅಂತ ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಎರಡೂ ಬದಿಯ ಲಾಕ್ ಒತ್ತಿ ಸ್ಟಿಕ್ ತೆಗೆದೆ. ಚಿನ್ನದ ಬಣ್ಣದ ಕಾಲುಗಳು ಮಂಕಾಗಿದ್ದವು. ಮಗಳ ಬಿಳಿ ರಬ್ಬರ್‌ನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿದೆ, ರಬ್ಬರಿನ ಮೇಲೆ ಕಪ್ಪು ಗೀರು ಬಂತು. ಪುಡಿಯನ್ನು ಪೇಂಟಿಂಗ್ ಬ್ರಶ್‌ನಿಂದ ಕೊಡವಿ, ಕಾಲುಗಳಿಗೆ ಬೆರಳು ತಾಗಿಸದೆ ಮತ್ತೆ ಒತ್ತಿ ಕೂರಿಸಿದೆ. ಎರಡೂ ಲಾಕ್ ಟಕ್ ಅಂದವು. ಕಂಪ್ಯೂಟರ್ ಎದ್ದಿತು. ಆವತ್ತಿನಿಂದ ಪ್ಲಾಸ್ಟಿಕ್ ಹೊದಿಕೆ ಹಾಕುವುದು ಬಿಟ್ಟಿದ್ದೇನೆ, ಒಳಗೆ ಥಂಡಿ ಕಟ್ಟಿಕೊಳ್ಳುತ್ತದೆ. ಕೆಲಸ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಾ ಒಂದು ಗಂಟೆ ಆನ್ ಮಾಡಿಡುತ್ತೇನೆ. 2025ರ ಮಳೆಗಾಲದಲ್ಲಿ ಒಂದು ದಿನವೂ ಬೀಪ್ ಬರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, ಮುಗಿಯಿತು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಬ್ಯಾಂಕಿನ ಕೆಲಸ ಇದರಲ್ಲಿ ಮಾಡುತ್ತಿಲ್ಲ. ಕಾರ್ಡು, ಫ್ಲೆಕ್ಸ್ ಇದರಲ್ಲೇ ನಡೆಯುತ್ತಿವೆ. ತೆಗೆದ 2 ಜಿಬಿಯ ಸ್ಟಿಕ್ ಎರಡನ್ನೂ ಕೊಟ್ಟುಬಿಟ್ಟಿಲ್ಲ, ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಂದೆ ಬೀಪ್ ಬಂದರೆ ತಪ್ಪು ಸ್ಟಿಕ್‌ನದೋ ಸ್ಲಾಟ್‌ನದೋ ನೋಡಲು ಬೇಕಾಗುತ್ತವಲ್ವಾ?