ರೈಜನ್ 5 5600 ಒಳ್ಳೆಯದಾ, ಐ5 12400ಎಫ್ ಒಳ್ಳೆಯದಾ?

ರೈಜನ್ ಎಎಂಡಿಯ ಪ್ರೊಸೆಸರ್, ಐ5 ಇಂಟೆಲ್‌ನದು. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಎರಡೂ 2022ರಲ್ಲಿ ಬಂದವು. ಎರಡೂ 4.4 ಗಿಗಾಹರ್ಟ್ಸ್ ತನಕ ಓಡುತ್ತವೆ. ಈಗ ಹಳೆಯವೇ, ಆದರೆ ಕಡಿಮೆ ಬಜೆಟ್‌ನಲ್ಲಿ ಪಿಸಿ ಕಟ್ಟುವವರು ಇವತ್ತಿಗೂ ಇವೆರಡರ ನಡುವೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ರೈಜನ್ ನನ್ನ ಹತ್ತಿರ ಇದೆ, ಇಂಟೆಲ್ ತಮ್ಮನ ಹತ್ತಿರ. ಒಂದೇ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡನ್ನು ಎರಡಕ್ಕೂ ಹಾಕಿ ಆಡಿ ನೋಡಿದ್ದೇವೆ.

ಸೈಬರ್‌ಪಂಕ್ ಥರದ ಭಾರೀ ಆಟವನ್ನು 1080ಪಿ, ಹೈ ಸೆಟ್ಟಿಂಗ್‌ನಲ್ಲಿ ಆಡಿದರೆ ಯಾವುದು ಯಾವ ಪಿಸಿ ಅಂತ ಗೊತ್ತೇ ಆಗುವುದಿಲ್ಲ. ಅಲ್ಲಿ ಸುಸ್ತಾಗುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಲೆಕ್ಕಕ್ಕೆ ಬರುವುದು ಏನಿದ್ದರೂ ವ್ಯಾಲೊರಂಟ್‌ನಂಥ ಹಗುರ ಆಟದಲ್ಲಿ, ಸೆಟ್ಟಿಂಗ್ ಇಳಿಸಿದಾಗ. ಅಲ್ಲೂ ಎರಡೂ ನಮ್ಮ 144 ಹರ್ಟ್ಸ್ ಮಾನಿಟರ್ ತೋರಿಸುವುದಕ್ಕಿಂತ ಜಾಸ್ತಿಯೇ ಫ್ರೇಮ್ ಕೊಟ್ಟವು.

ನಿಜವಾಗಿ ವ್ಯತ್ಯಾಸ ಮಾಡಿದ್ದು ರಾಮ್. ಡಬ್ಬದ ಮೇಲೆ 3200 ಅಂತಿದ್ದರೂ, ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಎಕ್ಸ್‌ಎಂಪಿ, ಅಂದರೆ ರಾಮನ್ನು ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡುವ ತನಕ ಅದು 2133ರಲ್ಲೋ 2666ರಲ್ಲೋ ತೆವಳುತ್ತಿರುತ್ತದೆ. ಇದರ ಪೆಟ್ಟು ರೈಜನ್‌ಗೆ ಜಾಸ್ತಿ. ಅದರೊಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರಾಮ್ ವೇಗಕ್ಕೆ ತಕ್ಕಂತೆಯೇ ಓಡುವುದು. ಒಂದು 16 ಜಿಬಿ ಸ್ಟಿಕ್ ಬದಲು ಎರಡು 8 ಜಿಬಿ ತಗೊಳ್ಳಿ.

ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸುವಾಗ ಬರೀ ಪ್ರೊಸೆಸರ್ ರೇಟ್ ಕೇಳಬೇಡಿ, ಬೋರ್ಡ್ ಸೇರಿಸಿ ಕೇಳಿ. ಇಂಟೆಲ್‌ಗೆ ಎಚ್610 ಬೋರ್ಡ್ ಅಗ್ಗ, ಆದರೆ ರಾಮ್‌ಗೆ ಎರಡೇ ಸ್ಲಾಟ್. ರೈಜನ್‌ಗೆ ಬಿ450 ಅಗ್ಗ, ಆದರೆ ಕಾರ್ಡಿಗೆ ಡೇಟಾ ಹೋಗುವ ದಾರಿ ಹಳೇದು, ಪಿಸಿಐಇ 3.0. ಆರ್‌ಎಕ್ಸ್ 6600 ಆ ದಾರಿಯ ಎಂಟೇ ಲೇನ್ ಬಳಸುವ ಕಾರ್ಡ್, ಹಾಗಾಗಿ ಅದಕ್ಕೆ ಪಿಸಿಐಇ 4.0 ಇರುವ ಬಿ550 ವಾಸಿ. "5600ಜಿ ತಗೊಳ್ಳಿ ಸಾರ್, ಗ್ರಾಫಿಕ್ಸೂ ಒಳಗೇ ಇದೆ" ಅಂದರೆ ಕಾರ್ಡ್ ಹಾಕುವವರು ಬೇಡ ಅನ್ನಿ. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರ ಅರ್ಧ. ಪಿಸಿಐಇ ಕೂಡ 3.0.

ಕೂಲರ್ ವಿಷಯದಲ್ಲಿ ನನಗೆ ಇಂಟೆಲ್ ಇಷ್ಟ. ಪ್ರೊಸೆಸರ್ ಮೇಲೆ ಲೋಹದ ಚೌಕಟ್ಟು ಕೂತಿರುತ್ತದೆ, ಕೂಲರ್ ಎತ್ತಿದರೂ ಅದು ಕದಲುವುದಿಲ್ಲ. ರೈಜನ್ ಕೂರುವ ಎಎಂ4 ಸಾಕೆಟ್‌ನಲ್ಲಿ ಕೂಲರ್ ಕೆಳಗಿನ ಪೇಸ್ಟ್ ಒಣಗಿದ್ದರೆ ಕೂಲರ್ ಜತೆ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ, ಪಿನ್ ಸಮೇತ. ಪಿಸಿ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಬಿಸಿ ಆರುವ ಮುಂಚೆ ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಬೇಕು.

ಡಿಡಿಆರ್4 ರಾಮ್ ಈಗಾಗಲೇ ಇದ್ದು, ಆಟವೇ ಮುಖ್ಯ ಅನ್ನುವವರಿಗೆ ನನ್ನ ಓಟು 5600ಕ್ಕೆ. ಹಳೇ ಎಎಂ4 ಬೋರ್ಡ್ ಇದ್ದರಂತೂ ಯೋಚನೆಯೇ ಬೇಡ, ಬಯೋಸ್ ಅಪ್‌ಡೇಟ್ ಮಾಡಿ ಕೂರಿಸಿ. ಬೋರ್ಡ್ ಕೂಡ ಹೊಸದೇ ಆದರೆ ಇಂಟೆಲ್ ಕಡೆ ನೋಡಿ, ಆದರೆ 'ಎಫ್' ಇಲ್ಲದ 12400. ಎಫ್‌ನಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, 5600ರಲ್ಲೂ ಇಲ್ಲ. ಕಾರ್ಡ್ ವಾರಂಟಿಗೆ ಹೋದರೆ ವಾರಗಟ್ಟಲೆ ಕಾಯಬೇಕು ಅಲ್ವಾ, ಅಷ್ಟು ದಿನ ಪರದೆ ಕಪ್ಪು. 12400ರ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಫೀಸ್ ಕೆಲಸ ನಡೆಯುತ್ತದೆ, ಸೆಟ್ಟಿಂಗ್ ಇಳಿಸಿದರೆ ವ್ಯಾಲೊರಂಟ್ ಕೂಡ.